ಇಪ್ಪತ್ತೊಂದನೆಯವನೂ ಕಮಲಾಪುರದ ಬಾಳೆಯೂ

ದಸರೆಯ ರಜೆಗೆ ಪುಣೆಯಿಂದ ಬಂದಿದ್ದ ನನ್ನ ಅಕ್ಕನ ಮಗನಿಗೆ ಸುಮ್ಮನೆ ಕೂತು ರೂಢಿಯಿಲ್ಲ. ನಾನು ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವಷ್ಟರಲ್ಲಿ ಅಟ್ಟದ ಮೇಲಿನ ತಗಡಿನ ಟ್ರಂಕನ್ನು ಇಳಿಸಿದ್ದ. ಅದರಲ್ಲಿದ್ದ ಇಂದ್ರಜಾಲ ಕಾಮಿಕ್ಸುಗಳ ಧೂಳು ಒರೆಸಿ, ನಂಬರಿನ ಪ್ರಕಾರ ಜೋಡಿಸಿ, ಕಟ್ಟುಕಟ್ಟಾಗಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ. "ಮಾಮಾ, ಈಗ ನೋಡ್ರಿ, ಯಾವುದು ಬೇಕಂದ್ರ ಅದು ಒಂದು ನಿಮಿಷದಾಗ ಸಿಗ್ತದ" ಅಂದ. ಬೆನ್ನು ತಟ್ಟಿ ಶಹಬ್ಬಾಸ್ ಅನ್ನಬೇಕಾದ ಹೊತ್ತು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಚಹಾ ಕುಡಿದೆ, ಇಳಿಯಲಿಲ್ಲ. ಎರಡನೆಯ ಕಪ್ಪು ಕುಡಿದೆ, ಆಗಲೂ ಇಳಿಯಲಿಲ್ಲ.

ಆ ಟ್ರಂಕಿಗೆ ಅದರದೇ ಒಂದು ಶಿಸ್ತಿತ್ತು. ಮೇಲೆ ಕಕ್ಕಿ ಓದುತ್ತಿದ್ದವು, ಅವುಗಳ ಕೆಳಗೆ ಕಾಕಾನವು, ಒಂದು ಮೂಲೆಯಲ್ಲಿ ಅಕ್ಕನವು, ತಳದಲ್ಲಿ ನಾನು ಯಾರಿಗೂ ಕೊಡದೆ ಮುಚ್ಚಿಟ್ಟವು. ಈಗ ಎಲ್ಲರವೂ ಒಂದರೊಳಗೊಂದು ಸೇರಿ ಹೋಗಿ ಫ್ಯಾಂಟಮ್‌ನ ಬದುಕು ಸರಕಾರಿ ಕಡತದಂತೆ ಒಂದು, ಎರಡು, ಮೂರು ಎಂದು ಸಾಗತೊಡಗಿತ್ತು. ಮೊದಲು ಬ್ರಹ್ಮಚಾರಿ, ಆಮೇಲೆ ಗಂಡ, ಆಮೇಲೆ ಇಬ್ಬರು ಮಕ್ಕಳ ತಂದೆ. ನನಗೆ ಗೊತ್ತಿದ್ದ ಫ್ಯಾಂಟಮ್ ಯಾವತ್ತೂ ಹೀಗೆ ಕ್ರಮವಾಗಿ ಬದುಕಿದವನೇ ಅಲ್ಲ.

ಅದಕ್ಕೆ ಕಾರಣ ನಮ್ಮ ಊರು ನಿಂತ ಜಾಗ. ಇಂದ್ರಜಾಲ ಕಾಮಿಕ್ಸನ್ನು ಮುಂಬಯಿಯ ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚಿನಲ್ಲಿ ಶುರು ಮಾಡಿದರು. ಮೊದಲ ಸಂಚಿಕೆಯೇ ಫ್ಯಾಂಟಮ್‌ನ ಬೆಲ್ಟಿನ ಕಥೆ. ಮೊದಲು ತಿಂಗಳಿಗೊಂದು, ಮುಂದೆ ಹದಿನೈದು ದಿನಕ್ಕೊಂದು, ಕಡೆಕಡೆಗೆ ವಾರಕ್ಕೊಂದು ಎಂದು ಇಂಗ್ಲಿಷಿನಲ್ಲಿ 803 ಸಂಚಿಕೆ ಬಂದು 1990ರಲ್ಲಿ ನಿಂತಿತು. ಕನ್ನಡ, ಹಿಂದಿ, ಮರಾಠಿಯಲ್ಲೂ ಬರುತ್ತಿತ್ತು. ಆಗ ಗುಲ್ಬರ್ಗಾ ಆಗಿದ್ದ ನಮ್ಮ ಕಲಬುರಗಿ ಮುಂಬಯಿ–ಮದ್ರಾಸು ರೈಲು ಹಾದಿಯ ಮೇಲಿನ ಊರು. ಮುಂಬಯಿಯ ಸರಕು ಒಂದು ರಾತ್ರಿಯಲ್ಲಿ ಬಂದು ಇಳಿಯುತ್ತಿತ್ತು. ಯಾರೋ ಪ್ರಯಾಣಿಕರು ಓದಿ ಬಿಟ್ಟದ್ದು, ಸೊಲ್ಲಾಪುರದ ಬೀಗರ ಮನೆಯಿಂದ ಬಂದದ್ದು, ರದ್ದಿಯಲ್ಲಿ ಸಿಕ್ಕದ್ದು ಎಲ್ಲ ಕೂಡಿ ಮೂರು ಭಾಷೆಯ ಕಲಬೆರಕೆ ನಮ್ಮ ಕೈಗೆ ಸೇರುತ್ತಿತ್ತು. ಹಿಂದಿಯಲ್ಲಿ ಅವನು ವೇತಾಲ. ಸಾಲಿಯ ಹಿಂದಿ ಪಾಠದಲ್ಲಿ ಹಿಂದೆ ಬಿದ್ದಿದ್ದ ನಾನು ವೇತಾಲನ ಹಿಂದಿಯಲ್ಲಿ ಯಾರಿಗೂ ಸೋಲುತ್ತಿರಲಿಲ್ಲ. ಆದರೆ ಪರೀಕ್ಷೆಯಲ್ಲಿ ಕಡಲ್ಗಳ್ಳರ ಮೇಲೆ ಪ್ರಬಂಧ ಬರೆಯಿರಿ ಎಂದು ಯಾರೂ ಕೇಳಲಿಲ್ಲ.

ಸೂಪರ್ ಮಾರ್ಕೆಟಿನ ಕಡೆ ಒಂದು ಡಬ್ಬಿ ಅಂಗಡಿಯಲ್ಲಿ ದಿನಕ್ಕೆ ನಾಲ್ಕಾಣೆ ಬಾಡಿಗೆಗೆ ಕಾಮಿಕ್ಸು ಕೊಡುತ್ತಿದ್ದರು. ಹಗ್ಗಕ್ಕೆ ಸಾಲಾಗಿ ನೇತು ಹಾಕಿರುತ್ತಿದ್ದವು. ಎಷ್ಟೋ ಪುಸ್ತಕಗಳ ಕೊನೆಯ ಹಾಳೆ ಹರಿದು ಹೋಗಿರುತ್ತಿತ್ತು. ತಕರಾರು ತೆಗೆದರೆ ಅಂಗಡಿಯಾತನ ಉತ್ತರ ಸಿದ್ಧ: "ಕಡೀ ಹಾಳಿ ಇಲ್ಲಂದ್ರ ಏನಾತೋ? ನಾ ಹೇಳ್ತೀನಿ ಕೇಳು. ಅಂವ ಗೆಲ್ತಾನ." ಬಾಡಿಗೆಯಲ್ಲಿ ಒಂದು ಪೈಸೆ ಕಡಿಮೆ ಮಾಡುತ್ತಿರಲಿಲ್ಲ. ಹೀಗಾಗಿ ಈ ವಾರ ಫ್ಯಾಂಟಮ್‌ಗೆ ಅವಳಿ ಮಕ್ಕಳು, ಮುಂದಿನ ವಾರ ಡಯಾನಾ ಇನ್ನೂ ಕೈಗೆ ಸಿಗದ ಗೆಳತಿ, ಅದರ ಮುಂದಿನ ವಾರ ಅವನ ಮುತ್ಯಾನ ಮುತ್ಯಾ. ನಮಗ್ಯಾರಿಗೂ ಗೊಂದಲವೇ ಆಗಲಿಲ್ಲ. ಜಾತ್ರೆಯಲ್ಲಿ ಪುರಾಣ ಕೇಳಿದವರಿಗೆ ಇವತ್ತು ಪಟ್ಟಾಭಿಷೇಕ, ನಾಳೆ ಬಾಲಲೀಲೆ ಎಂದರೆ ಕಷ್ಟವೇನು?

ಗೊತ್ತಿಲ್ಲದವರಿಗೆ ಎರಡು ಮಾತು. 1536ರಲ್ಲಿ ಕಡಲ್ಗಳ್ಳರ ಕೈಯಿಂದ ಉಳಿದು ದಡ ಸೇರಿದ ಯುವಕನೊಬ್ಬ, ತನ್ನ ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಆಣೆ ಮಾಡುತ್ತಾನೆ. ನಾನೂ ನನ್ನ ಮಕ್ಕಳು ಮೊಮ್ಮಕ್ಕಳೂ ದುಷ್ಟರನ್ನು ಬಿಡುವುದಿಲ್ಲ ಎಂಬುದು ಆಣೆಯ ತಾತ್ಪರ್ಯ. ಅಪ್ಪ ಸತ್ತ ಕೂಡಲೇ ಮಗ ಅದೇ ಮುಖವಾಡ, ಅದೇ ಬಿಗಿ ಅಂಗಿ, ಅದೇ ಬುರುಡೆಯುಂಗುರ ತೊಡುತ್ತಾನೆ. ಹೊರಗಿನವರಿಗೆ ಈ ಬದಲಾವಣೆ ಗೊತ್ತಾಗುವುದಿಲ್ಲ. ನಾನೂರು ವರ್ಷದಿಂದ ಒಬ್ಬನೇ ಇದ್ದಾನೆ, ಅವನಿಗೆ ಸಾವಿಲ್ಲ ಎಂದು ಕಾಡೆಲ್ಲ ನಂಬಿದೆ. ನಾವು ಓದುತ್ತಿದ್ದವನು ಇಪ್ಪತ್ತೊಂದನೆಯವನು. ಅಮೆರಿಕದ ಲೀ ಫಾಕ್ 1936ರ ಫೆಬ್ರುವರಿ 17ರಂದು ದಿನಪತ್ರಿಕೆಯ ಚಿತ್ರಪಟ್ಟಿಯಾಗಿ ಇವನನ್ನು ಶುರು ಮಾಡಿದ. 1999ರಲ್ಲಿ ತಾನು ತೀರಿಕೊಳ್ಳುವವರೆಗೂ ಬರೆದ. ಸೂಪರ್‌ಮ್ಯಾನ್ ಬಂದದ್ದು ಇವನಿಗಿಂತ ಎರಡು ವರ್ಷ ತಡವಾಗಿ. ನಮ್ಮ ಕಾಕಾ ಇದನ್ನು ಮನೆತನದ ಹಿರಿಮೆ ಎಂಬಂತೆ ಹೇಳುತ್ತಿದ್ದ.

ಇಪ್ಪತ್ತೊಂದನೆಯವನು ಎಂಬುದು ಬೇರೆ ಊರಿನ ಹುಡುಗರಿಗೆ ವಿಚಿತ್ರ ಅನ್ನಿಸಿರಬಹುದು. ಕಲಬುರಗಿಯವರಿಗೆ ಹಾಗಲ್ಲ. ಇದು ಎಣಿಸಿ ಹೇಳುವ ಊರು. ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿಗಳನ್ನು ಏಳನೆಯವರು, ಎಂಟನೆಯವರು ಎನ್ನುತ್ತೇವೆ. ಖಾಜಾ ಬಂದೇನವಾಜರ ದರ್ಗಾದ ಸಜ್ಜಾದೆಗಳ ಪರಂಪರೆ ಹೇಳುವವರು ಆರು ನೂರು ವರ್ಷ ಹಿಂದಕ್ಕೆ ಹೋಗುತ್ತಾರೆ. ಎಣಿಕೆ ಜಾರುವುದು ಕೋಟೆಯೊಳಗೆ ಕಾಲಿಟ್ಟಾಗ ಮಾತ್ರ. 1347ರಲ್ಲಿ ಶುರುವಾದ ಬಹಮನಿ ಸುಲ್ತಾನರ ಸಾಲಿನಲ್ಲಿ 1397ರ ಒಂದೇ ವರ್ಷ ಸಿಂಹಾಸನ ನಾಲ್ವರನ್ನು ಕಂಡಿತು. ಒಬ್ಬರು ತೀರಿಕೊಂಡರು, ಮುಂದಿನ ಇಬ್ಬರು ಹುಡುಗರನ್ನು ಒಬ್ಬರಾದ ಮೇಲೊಬ್ಬರು ಇಳಿಸಿದರು, ಕಡೆಗೆ ಫಿರೋಜ್ ಶಾಹ್ ಬಂದು ಗಟ್ಟಿಯಾಗಿ ಕೂತ. ಚರಿತ್ರೆಯ ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿಸಲು ಕಾಕಾ ನನ್ನನ್ನು ಜಾಮಿಯಾ ಮಸೀದಿಯ ಕಮಾನುಗಳ ಕೆಳಗೆ ಕೂರಿಸುತ್ತಿದ್ದ. ನನಗೆ ತೂಕಡಿಕೆ. "ಸುಲ್ತಾನರ ಹೆಸರು ಕೇಳಿದ್ರ ನಿದ್ದಿ ಬರ್ತದ. ಆ ಕಾಡಿನವನ ವಂಶ ಮಾತ್ರ ಬರೋಬ್ಬರಿ ನೆನಪಿರ್ತದ" ಎಂದು ಬಯ್ಯುತ್ತಿದ್ದ. ಬೈದವನ ಜೋಳಿಗೆಯಲ್ಲೂ ಒಂದು ಇಂದ್ರಜಾಲ ಇರುತ್ತಿತ್ತು.

ನನ್ನ ಸ್ವಂತ ಊರು ಕಮಲಾಪುರದಲ್ಲಿ ಐದನೆತ್ತ ಮುಗಿಸಿದ ಮೇಲೆ, ಪಟ್ಟಣದ ಸಾಲಿ ಚಲೋ ಎಂದು ಅಪ್ಪ ನನ್ನನ್ನು ಕಲಬುರಗಿಯ ಬ್ರಹ್ಮಪುರದ ಕಾಕಾನ ಮನೆಯಲ್ಲಿ ಬಿಟ್ಟಿದ್ದ. ಆ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನಕ್ಕೆ ಒಂದೇ ಮದ್ದು: ಶಹಾಬಾದದ ಫರಸಿಯ ಮೇಲೆ ನೀರು ಚಿಮುಕಿಸಿ ಬೋರಲು ಮಲಗುವುದು. ನೆಲ ತಣ್ಣಗೆ, ಮುಂದೆ ಪುಸ್ತಕ, ಪಕ್ಕದಲ್ಲಿ ಸೇಂಗಾ. ಹೊರಗೆ ಕಾಗೆಯೂ ಕೂಗದ ಬಿಸಿಲು. ಕಕ್ಕಿ ಕೆಲಸ ಮುಗಿಸಿ ಬಂದು, ಒಂದು ಚಿತ್ರ ನೋಡಿ, "ಇಂಥಾ ಬಿಸಲಾಗ ಮೈತುಂಬ ಬಿಗಿ ಅಂಗಿ ಹಾಕ್ಕೊಂಡು ಕುದರಿ ಮ್ಯಾಲ ಹೊಂಟಾನ. ಬೆವರುಸಾಲಿ ಏಳಂಗಿಲ್ಲೇನು ಅವಂಗ?" ಎಂದು ಕೇಳುತ್ತಿದ್ದಳು. ಇದಕ್ಕೆ ಲೀ ಫಾಕ್ ಎಲ್ಲೂ ಉತ್ತರ ಕೊಟ್ಟಿಲ್ಲ. ಆ ಅಂಗಿ ಅಮೆರಿಕದಲ್ಲಿ ನೇರಳೆ, ಸ್ವೀಡನ್ನಿನಲ್ಲಿ ನೀಲಿ, ಇಟಲಿ ಬ್ರೆಜಿಲ್‌ಗಳಲ್ಲಿ ಕೆಂಪು ಎಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಕಮಲಾಪುರದ ಹುಡುಗ ಯಾವ ಬಣ್ಣದ ಪರ ನಿಲ್ಲುತ್ತಿದ್ದ ಎಂಬುದರಲ್ಲಿ ಸಂಶಯವಿಲ್ಲ. ನಮ್ಮೂರ ಹೆಸರು ನಡೆಯುವುದೇ ಕೆಂಪು ಬಾಳೆಯಿಂದ.

ಫರಸಿಯ ಮೇಲೆ ಮಲಗಿದವರ ನಡುವೆ ಆಗಾಗ ಒಂದು ಜಗಳ ಏಳುತ್ತಿತ್ತು: ಫ್ಯಾಂಟಮ್‌ನ ಯಾವ ಕಾಲ ಚಲೋ? ಕಾಕಾ ವಿಲ್ಸನ್ ಮೆಕಾಯ್ ಎಂಬಾತ ಚಿತ್ರ ಬರೆಯುತ್ತಿದ್ದ ಕಾಲದ ಪಕ್ಷ. 1961ರಲ್ಲಿ ಮೆಕಾಯ್ ತೀರಿಕೊಂಡ ಮೇಲೆ ಕೆಲಸ ಸೈ ಬ್ಯಾರಿಗೆ ಬಂತು. ಬ್ಯಾರಿ ಮೂವತ್ತು ವರ್ಷಕ್ಕೂ ಮಿಕ್ಕಿ, 1994ರ ತನಕ ಬರೆದ. ಬ್ಯಾರಿಯ ಫ್ಯಾಂಟಮ್ ಎತ್ತರ, ಚೆಲುವ, ಮೈಯ ಒಂದೊಂದು ಸ್ನಾಯುವಿಗೂ ಲೆಕ್ಕ. ಮೆಕಾಯ್‌ನವನು ಸಾದಾ ಗೆರೆಯ ಸಾದಾ ಮನುಷ್ಯ, ಹಿಂದಿನ ಗೋಡೆಯಲ್ಲಿ ಒಂದು ಕಿಟಕಿ ಇದ್ದರೆ ಹೆಚ್ಚು. "ಬ್ಯಾರಿಯವಂಗ ಹೊಡದಾಟಕ್ಕಿಂತ ಫೋಟೋ ತಗಸೋದ್ರಾಗ ಲಕ್ಷ. ಇಂವಂಗ ನೋಡು, ಬಂದ, ಹೊಡದ, ಹೋದ" ಎನ್ನುವುದು ಕಾಕಾನ ವಾದ. ಆ ಕಾಲದ ಫ್ಯಾಂಟಮ್‌ಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಅಣ್ಣನ ಮಗನನ್ನು ತಂದು ಸಾಕುವ ಹೊಣೆಯಿಲ್ಲ. ತೋಳ ಡೆವಿಲ್, ಕುದುರೆ ಹೀರೋ, ಬುರುಡೆ ಗವಿ, ಇಷ್ಟೇ ಸಂಸಾರ. ತಿಂಗಳ ಕೊನೆಯಲ್ಲಿ ಕಾಕಾನಿಗೆ ಮೆಕಾಯ್ ಇನ್ನಷ್ಟು ಹಿಡಿಸುತ್ತಿದ್ದ.

ಕಕ್ಕಿಗೆ ಮದುವೆಯ ಕಾಲವೇ ಬೇಕು. ಡಯಾನಾ ಪಾಮರ್ ಮೊದಲ ಕಥೆಯಲ್ಲೇ ಬಂದವಳು. ಮದುವೆಯಾದದ್ದು 1977ರ ಕೊನೆಗೆ. ನಲವತ್ತೊಂದು ವರ್ಷ ಕಾದ ಹುಡುಗಿ! ಮದುವೆಗೆ ಮಾಂತ್ರಿಕ ಮ್ಯಾಂಡ್ರೇಕನೂ ಬಂದಿದ್ದ. ಕಕ್ಕಿ ಆ ಸಂಚಿಕೆಯನ್ನು ಬಾಡಿಗೆಯ ಅಂಗಡಿಗೆ ಹಿಂದಿರುಗಿಸಲು ಬಿಡದೆ, ಅದರ ಬೆಲೆ ಕಟ್ಟಿ ಇಟ್ಟುಕೊಂಡಳು. ಆಕೆಗೆ ಹಿಡಿಸಿದ್ದು ಮದುವೆಯ ವೈಭವ ಎಂದು ನಾನು ತಿಳಿದಿದ್ದೆ. ಒಮ್ಮೆ ರೊಟ್ಟಿ ಬಡಿಯುತ್ತ ಆಕೆಯೇ ಹೇಳಿದಳು: "ಆಕಿ ವಿಶ್ವಸಂಸ್ಥೆದಾಗಿನ ನೌಕರಿ ಬಿಡ್ಲಿಲ್ಲ ನೋಡು. ಗವಿಯಿಂದ ಹೋಗಿ ಬಂದು ಮಾಡಿದಳು." ಕಕ್ಕಿ ಮದುವೆಗೆ ಮೊದಲು ಸೇಡಂ ಕಡೆಯ ಒಂದು ಸಾಲಿಯಲ್ಲಿ ಟೀಚರಮ್ಮ ಆಗಿದ್ದಳು. ಕಾಕಾ ಅಂದು ಎರಡು ರೊಟ್ಟಿ ಕಡಿಮೆ ತಿಂದು ಎದ್ದ.

ರಜೆಗೆ ಬರುತ್ತಿದ್ದ ಅಕ್ಕನ ಆಯ್ಕೆ ಎಲ್ಲರಿಗಿಂತ ಬೇರೆ. ಗವಿಯ ಕಪಾಟಿನಲ್ಲಿ ಹಿಂದಿನ ಫ್ಯಾಂಟಮ್‌ಗಳು ಬರೆದಿಟ್ಟ ದಿನಚರಿಗಳಿವೆ. ಅದರಲ್ಲಿ ಮೂರನೆಯವನು ಶೇಕ್ಸ್‌ಪಿಯರನ ನಾಟಕದಲ್ಲಿ ಜೂಲಿಯಟ್‌ಳ ಪಾತ್ರ ಮಾಡಿದ್ದೂ ಇದೆ. ಅಕ್ಕನಿಗೆ ಬೇಕಾದದ್ದು ಹದಿನೇಳನೆಯವನ ಕಾಲ. ಅವನಿಗೆ ಜೂಲಿ ಎಂಬ ಅವಳಿ ಸೋದರಿ. ಅವನು ಏಳಲಾರದೆ ಹಾಸಿಗೆ ಹಿಡಿದಾಗ ಅವನ ಅಂಗಿ ಮುಖವಾಡ ತೊಟ್ಟು ಕಾಡಿನ ಕೆಲಸ ನಡೆಸಿದವಳು ಅವಳು. ಅಕ್ಕ ಆ ಕಥೆಯನ್ನು ಮರಾಠಿಯಲ್ಲಿ ಓದಿದ್ದಳು, ಕನ್ನಡದಲ್ಲಿ ಅಭಿನಯಿಸುತ್ತಿದ್ದಳು. ಹಾಸಿಗೆ ಹಿಡಿದವನ ಪಾತ್ರ ಯಾವಾಗಲೂ ನನಗೆ. ಮಲಗಿ ನರಳುವುದಷ್ಟೇ ಕೆಲಸ. ಚೆನ್ನಾಗಿ ಮಾಡುತ್ತಿದ್ದೆ ಎಂದು ಅಕ್ಕ ಈಗಲೂ ಹೊಗಳುತ್ತಾಳೆ.

ಪಕ್ಕದ ಮನೆಯ ನಿವೃತ್ತ ಮಾಸ್ತರರೊಬ್ಬರಿಗೆ ಈ ಜಗಳ ಕಿವಿಗೆ ಬಿದ್ದು ಬೇಸರವಾಗುತ್ತಿತ್ತು. ನಮ್ಮ ದೇಶದವರ ಕಥೆ ಓದಬಾರದೇ ಎಂದು ಅಮರ ಚಿತ್ರ ಕಥೆ ತಂದು ಕೊಡುತ್ತಿದ್ದರು. ಅವನ್ನು ತಂದ ಅನಂತ ಪೈ ನಮ್ಮ ಕಾರ್ಕಳದವರು, ಮೊದಲು ಇಂದ್ರಜಾಲದ ಮನೆಯಲ್ಲೇ ಕೆಲಸ ಮಾಡಿದವರು ಎಂದು ಆಗ ಗೊತ್ತಿದ್ದರೆ ಮಾಸ್ತರರನ್ನೂ ನಮ್ಮ ಪಂಗಡಕ್ಕೆ ಸೇರಿಸಿಕೊಳ್ಳಬಹುದಿತ್ತು. ಫ್ಯಾಂಟಮ್ ಹೊರಗಿನವನು ಎಂಬ ಅವರ ಆಕ್ಷೇಪವನ್ನು ನಾವು ಒಪ್ಪಲೇ ಇಲ್ಲ. ಮೊದಮೊದಲ ಕಥೆಗಳಲ್ಲಿ ಅವನ ಕಾಡು ನಮ್ಮ ಏಷ್ಯಾದ ಕಡೆಯೇ ಇತ್ತು, ಆಮೇಲೆ ಆಫ್ರಿಕಾಕ್ಕೆ ಸರಿಯಿತು. ಇಂದ್ರಜಾಲದವರು ಅದಕ್ಕೆ ಡೆಂಕಾಲಿ ಎಂದು ಹೆಸರಿಟ್ಟರು. ನಾವು ಹುಡುಗರು ಭೂಗೋಳದ ಪಟ ತೆಗೆದು ನೋಡಲು ಹೋಗಲಿಲ್ಲ. ನಮಗೆ ಗೊತ್ತಿದ್ದ ಕಾಡು ಒಂದೇ, ಕಮಲಾಪುರ ದಾಟಿ ಆಚೆ ಇರುವ ಚಿಂಚೋಳಿಯದು. ಡೆಂಕಾಲಿ ಅಲ್ಲೇ ಎಲ್ಲೋ ಇರಬೇಕು ಎಂದು ತೀರ್ಮಾನಿಸಿದ್ದೆವು. ಹುಮನಾಬಾದ ರಸ್ತೆಯ ಬಸ್ಸಿನಲ್ಲಿ ಊರಿಗೆ ಹೋಗುವಾಗ ನಾನು ಎಡಗಡೆಯ ಕಿಟಕಿ ಬಿಟ್ಟು ಬಲಗಡೆಯದೇ ಹಿಡಿಯುತ್ತಿದ್ದೆ. ಕಂಡದ್ದು ತೊಗರಿ ಹೊಲ, ಬೇಲಿ, ಮತ್ತೆ ತೊಗರಿ ಹೊಲ.

ನನ್ನ ಮೆಚ್ಚಿನ ಕಾಲ ಯಾವುದೆಂದು ನಾನು ಹೇಳುತ್ತಿರಲಿಲ್ಲ. ಹೇಳಿದರೆ ನಗುತ್ತಿದ್ದರು. ಅದರಲ್ಲಿ ಮುಖವಾಡವಿಲ್ಲ, ಉಂಗುರವಿಲ್ಲ, ಗುಂಡಿನ ಸದ್ದಿಲ್ಲ. ಇಪ್ಪತ್ತೊಂದನೆಯವನು ಇನ್ನೂ ಕಿಟ್ ಎಂಬ ಹುಡುಗ. ಬುರುಡೆ ಗವಿಯಲ್ಲಿ ಹುಟ್ಟಿ ಬೆಳೆದವನನ್ನು ಓದಿಗೆಂದು ಅಮೆರಿಕದಲ್ಲಿದ್ದ ತಾಯಿಯ ಕಡೆಯವರ ಮನೆಗೆ ಕಳಿಸುತ್ತಾರೆ. ಅಲ್ಲಿ ಪುಸ್ತಕ, ಆಟ, ಕುಸ್ತಿ ಎಲ್ಲದರಲ್ಲೂ ಮುಂದೆ. ಡಯಾನಾಳ ಪರಿಚಯವಾಗುವುದೂ ಅಲ್ಲೇ. ಮುಂದೆ ಏನು ಬೇಕಾದರೂ ಆಗಬಹುದಾಗಿದ್ದ ಹುಡುಗ. ಅಷ್ಟರಲ್ಲಿ ಕಾಡಿನಿಂದ ಸುದ್ದಿ ಬರುತ್ತದೆ: ತಂದೆ ಸಾಯುತ್ತಿದ್ದಾನೆ, ಬಾ. ಎಲ್ಲ ಬಿಟ್ಟು ಹೊರಡುತ್ತಾನೆ. ಗವಿಗೆ ಹೋಗಿ, ಬುರುಡೆಯ ಮೇಲೆ ಆಣೆ ಮಾಡಿ, ಅಂಗಿ ತೊಡುತ್ತಾನೆ. ಕಳಿಸಿದ ದಿನಕ್ಕೂ ಕರೆದ ದಿನಕ್ಕೂ ನಡುವಿನ ಆ ಕೆಲವು ಪುಟಗಳು ನನ್ನವು. ಕಾಕಾನ ಮನೆಯಲ್ಲಿ ದೀಪ ಆರಿಸಿದ ಮೇಲೂ ಅವನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದೆ. ಗವಿಯ ಹುಡುಗನಿಗೂ ಪಟ್ಟಣದ ಮನೆಯಲ್ಲಿ ಮೊದಲ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ ಎಂಬುದು ನನ್ನ ಊಹೆ. ಅವನ ಮನೆಯ ಅಂಗಳದಲ್ಲಿ ಸಿಂಹವಿತ್ತು, ನನ್ನದರಲ್ಲಿ ಎಮ್ಮೆ. ಉಳಿದಂತೆ ನಮಗೇನೂ ವ್ಯತ್ಯಾಸವಿರಲಿಲ್ಲ.

ಒಂದು ಶನಿವಾರ ಊರಿಗೆ ಹೋದಾಗ ಅಪ್ಪ ತೋಟದಲ್ಲಿದ್ದ. ಕಮಲಾಪುರದ ಕೆಂಪು ಬಾಳೆಯ ಗಿಡ ಎತ್ತರ, ಕಾಂಡಕ್ಕೂ ಕೆಂಪು ಛಾಯೆ, ಹಣ್ಣು ದಪ್ಪ. ಬೇರೆ ಬಾಳೆಗಿಂತ ಬಹಳ ದಿನ ಕಾಯಿಸುತ್ತದೆ. ಹಚ್ಚಿದ ಮೇಲೆ ಗೊನೆ ಇಳಿಸಲು ಒಂದೂವರೆ ವರ್ಷದ ಹತ್ತಿರ ಬೇಕು. ಅಷ್ಟು ದಿನ ನೀರು ಕೊಡಬೇಕು, ಗಾಳಿಗೆ ಬೀಳದಂತೆ ಕೋಲು ಕೊಡಬೇಕು. ಅದಕ್ಕೇ ಬೆಲೆ ಹೆಚ್ಚು, ಬೆಳೆಯುವವರು ಕಡಿಮೆ. ಮುಂದೆ ಈ ಹಣ್ಣಿಗೆ ಜಿಐ ಮಾನ್ಯತೆ ಸಿಕ್ಕಿತು, ಊರಿನ ಹೆಸರು ಸರಕಾರಿ ಪುಸ್ತಕ ಸೇರಿತು. ಅಪ್ಪ ಅಂದು ಗೊನೆ ಇಳಿಸಿದ ಗಿಡವನ್ನು ಕಡಿದು ಹಾಕುತ್ತಿದ್ದ. ಬುಡದಲ್ಲಿ ನಾಲ್ಕೈದು ಮರಿ ಎದ್ದಿದ್ದವು. ಒಂದನ್ನು ಬಿಟ್ಟು ಉಳಿದವನ್ನು ಸಲಿಕೆಯಿಂದ ಕಿತ್ತ. "ಈ ಬಾಳಿ ನಮ್ಮ ಮುತ್ಯಾ ಹಚ್ಚಿದ್ದು" ಎಂದು ಹೆಮ್ಮೆಯಿಂದ ಹೇಳಿದ.

ನಾನು ಕಣ್ಣು ಬಿಟ್ಟು ನೋಡಿದೆ. ಮುತ್ಯಾ ತೀರಿಕೊಂಡದ್ದು ನಾನು ಹುಟ್ಟುವುದಕ್ಕೂ ಮೊದಲು. ಮುಂದೆ ನಿಂತ ಗಿಡಕ್ಕೆ ವರ್ಷ ತುಂಬಿಲ್ಲ. ಕಡಿದು ಹಾಕಿದ್ದೂ ಎರಡು ವರ್ಷದ್ದು. ಆದರೂ ಅಪ್ಪನ ಮಾತು ಸುಳ್ಳಲ್ಲ. ಒಂದು ಗಿಡ ಒಂದೇ ಗೊನೆ ಕೊಟ್ಟು ಹೋಗುತ್ತದೆ, ಅಷ್ಟರಲ್ಲಿ ಪಕ್ಕದಲ್ಲಿ ಮರಿ ಎದ್ದಿರುತ್ತದೆ. ದಾರಿಯಲ್ಲಿ ಹೋಗುವವನು ಪ್ರತಿ ವರ್ಷ ಅದೇ ಜಾಗದಲ್ಲಿ ಅದೇ ಎತ್ತರದ ಗಿಡ ನೋಡಿ, ಅದೇ ಬಾಳೆ ಎಂದುಕೊಳ್ಳುತ್ತಾನೆ. ಆ ಮಧ್ಯಾಹ್ನ ಅಪ್ಪನಿಗೆ ನಾನು ಇಪ್ಪತ್ತೊಂದು ಫ್ಯಾಂಟಮ್‌ಗಳ ಕಥೆಯನ್ನು ಪೂರ್ತಿ ಹೇಳಿದೆ. ಅಪ್ಪ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಗಂಭೀರವಾಗಿ ಕೇಳಿದ. ಮುಗಿದ ಮೇಲೆ ಒಂದೇ ಪ್ರಶ್ನೆ: "ಇಪ್ಪತ್ತೊಂದು ಮಂದ್ಯಾಗ ಒಬ್ಬನೂ ಒಲ್ಲೆ ಅನ್ಲಿಲ್ಲೇನು?"

ಇದನ್ನು ನಾನು ಕೇಳಿಕೊಂಡೇ ಇರಲಿಲ್ಲ. ನಾನೂರು ವರ್ಷದಲ್ಲಿ ಒಬ್ಬನಿಗಾದರೂ ವಕೀಲನಾಗಬೇಕು, ಕಿರಾಣಿ ಅಂಗಡಿ ಇಡಬೇಕು, ಬೆಂಗಳೂರಿನಲ್ಲಿ ಸೈಟು ತೆಗೆದುಕೊಳ್ಳಬೇಕು ಅನ್ನಿಸಲಿಲ್ಲವೇ? ಲೀ ಫಾಕ್ ಅದಕ್ಕೆ ಎಡೆಯನ್ನೇ ಕೊಟ್ಟಿಲ್ಲ. ಅಪ್ಪ ನಕ್ಕು ಸಲಿಕೆ ಎತ್ತಿಕೊಂಡ. ಅವನ ಮನಸ್ಸಿನಲ್ಲಿ ಏನಿತ್ತೋ, ಮಾತು ಅಲ್ಲಿಗೇ ಬಿಟ್ಟ.

ಮುಂದೆ ನಾನು ಓದಿದೆ, ಬೆಂಗಳೂರಿನಲ್ಲಿ ನೌಕರಿ ಹಿಡಿದೆ. ಒಂದು ದಿನ ಊರಿನಿಂದ ಸುದ್ದಿ ಬಂತು: ಅಪ್ಪನ ಸೊಂಟ ಹಿಡಿದಿದೆ, ಗೊನೆ ಇಳಿಸುವ ಕಾಲ, ಬಾ. ಎಲ್ಲ ಬಿಟ್ಟು ಹೊರಟೆ. ರಾತ್ರಿ ರೈಲಿನಲ್ಲಿ ಮೇಲಿನ ಬರ್ತಿನಲ್ಲಿ ಮಲಗಿ ಕಿಟ್‌ನನ್ನು ನೆನೆದೆ. ಎದೆ ಉಬ್ಬಿತು. ಬುರುಡೆಯ ಬದಲು ನನ್ನ ಚೀಲದಲ್ಲಿ ಮೆಡಿಕಲ್ ಅಂಗಡಿಯವನು ಕೊಟ್ಟ ಒಂದು ಮುಲಾಮಿತ್ತು. ಊರು ಮುಟ್ಟಿ ನೋಡಿದರೆ ಅಕ್ಕ ಆಗಲೇ ಬಂದು, ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಆಳುಗಳನ್ನು ನಿಲ್ಲಿಸಿಕೊಂಡು ಗೊನೆ ಎಣಿಸುತ್ತಿದ್ದಳು. ವ್ಯಾಪಾರಿಯ ಜೊತೆ ಅವಳು ಮಾಡಿದ ಚೌಕಾಸಿ ಕೇಳಿದ್ದರೆ ಕಡಲ್ಗಳ್ಳರೂ ಹಡಗು ತಿರುಗಿಸುತ್ತಿದ್ದರು. ನನ್ನನ್ನು ನೋಡಿ, "ಬಂದೇನು? ಮಾರಿ ತೊಳ್ಕೊ. ಅಪ್ಪಗ ಎಣ್ಣಿ ತಿಕ್ಕು" ಅಂದಳು. ಅಂದಿನಿಂದ ತೋಟ ಅವಳದೇ. ಹತ್ತಿರದ ಊರಿಗೆ ಕೊಟ್ಟವಳಾದ್ದರಿಂದ ಹೋಗಿ ಬಂದು ಮಾಡಿದಳು. ಅಪ್ಪ ಹೋದ ಮೇಲೆ ಭಾವನನ್ನೂ ಕರೆದುಕೊಂಡು ಅಲ್ಲೇ ಬಂದು ನಿಂತಳು.

1979ರಲ್ಲಿ ಫ್ಯಾಂಟಮ್‌ಗೆ ಹುಟ್ಟಿದ ಅವಳಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು. ಕಿಟ್ ಮತ್ತು ಹೆಲೋಯ್ಸ್. ಇಪ್ಪತ್ತೆರಡನೆಯವರು ಯಾರಾಗಬೇಕು ಎಂದು ಓದುಗರು ಇಂದಿಗೂ ವಾದಿಸುತ್ತಾರೆ. ನಮ್ಮ ಮನೆಯಲ್ಲಿ ಆ ವಾದ ಯಾವತ್ತೂ ನಡೆಯಲಿಲ್ಲ.

ಬೀದರಿಗೆ ಹೋಗುವ ರೈಲು 2017ರಿಂದ ಕಮಲಾಪುರದ ಮೇಲೆಯೇ ಹೋಗುತ್ತದೆ. ಮರಗುತ್ತಿಯ ಹತ್ತಿರ ಉದ್ದನೆಯ ಸುರಂಗವೂ ಇದೆ. ಅಂಥದ್ದೊಂದು ಗವಿ ಸಣ್ಣವರಿದ್ದಾಗ ಸಿಕ್ಕಿದ್ದರೆ ಸಾಲಿಗೆ ಯಾರೂ ಹೋಗುತ್ತಿರಲಿಲ್ಲ. ಹೋದ ತಿಂಗಳು ಆ ರೈಲಿನಲ್ಲಿ ಅಕ್ಕನ ಮನೆಗೆ ಹೋದೆ. ತೋಟದ ಕಟ್ಟೆಯ ಮೇಲೆ ಕೂತು ಹಣ್ಣು ಸುಲಿಯುತ್ತ, ಇಷ್ಟು ವರ್ಷವಾದ ಮೇಲೆ ಹೇಳು, ಫ್ಯಾಂಟಮ್‌ನ ಯಾವ ಕಾಲ ನಿನಗೆ ಇವತ್ತಿಗೂ ಇಷ್ಟ ಎಂದು ಕೇಳಿದೆ. ಮೋಟರಿನ ಕರೆಂಟು ಅದೇ ಆಗ ಬಂದಿತ್ತು. ಅಕ್ಕ ಚಪ್ಪಲಿ ಕಳಚಿ, ಸಲಿಕೆ ಹೆಗಲಿಗೇರಿಸಿಕೊಂಡಳು.

"ಅಂವ ಮಲ್ಕೊಂಡಿದ್ನಲ್ಲ, ಅದೇ ಕಾಲ. ನೀ ಹಣ್ಣು ತಿನ್ಕೋತ ಕೂಡು, ನಾ ನೀರ ತಿರವಿ ಬರ್ತೀನಿ."